ಮಾಳಿಗೆಗೆ ಮಣ್ಣು ಹಾಕುತ್ತಿದ್ದ ಮಾಮ

ನನ್ನ ಸೋದರಮಾವನ ಹಿಮ್ಮಡಿಗಳು ಕಿರುಬೆರಳು ತೂರುವಷ್ಟು ಒಡೆದಿದ್ದವು. ಆ ಒಡಕುಗಳಲ್ಲಿ ಬಿಳಿ ಮಣ್ಣು ಕೂತುಬಿಟ್ಟಿತ್ತು. ಹಬ್ಬಕ್ಕೆ ಎಣ್ಣೆ ಹಚ್ಚಿ, ಕಲ್ಲಿನಿಂದ ಉಜ್ಜಿ, ಬಿಸಿನೀರು ಸುರಿದರೂ ಹೋಗುತ್ತಿರಲಿಲ್ಲ. 'ಹಾಸಿಗಿ ಎಲ್ಲಾ ಮಾಳಗಿ ಮಾಡಿ ಇಟ್ಟಿ ನೋಡು' ಎಂದು ಮಾಮಿ ಬೈದರೆ ಅವನು ಕಾಲು ಇನ್ನಷ್ಟು ಚಾಚಿಕೊಂಡು ನಗುತ್ತಿದ್ದ. ಆ ಹಿಮ್ಮಡಿಗಳಿಂದಲೇ ಅವನ ಸಂಸಾರ ನಡೆಯುತ್ತಿತ್ತು. ತಂದೆ ಸತ್ತ ಮೇಲೆ ಅವ್ವನ ಜೊತೆ ಅವನ ಮನೆ ಸೇರಿದ ನಾನೂ ಅವುಗಳ ಮೇಲೆಯೇ ಬೆಳೆದವನು.

ಬೈಲಹೊಂಗಲ, ಸವದತ್ತಿ ಕಡೆ ಆಗ ಹಳೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ಮೊಳದಷ್ಟು ದಪ್ಪ ಮಣ್ಣು. ಬೇಸಿಗೆಯ ಬಿಸಿಲಿಗೆ ಆ ಮಣ್ಣು ಬಿರಿಯುತ್ತದೆ. ಯುಗಾದಿ ದಾಟಿ ತಿಂಗಳಾಗುವಷ್ಟರಲ್ಲಿ ಅಡ್ಡಮಳೆ ಶುರುವಾಗುತ್ತದೆ. ಮಧ್ಯಾಹ್ನದವರೆಗೆ ಬೆಂಕಿ ಕಾರಿದ ಆಕಾಶ ಒಂದು ಮಗ್ಗುಲಿನಿಂದ ಕಪ್ಪಾಗಿ, ಧೂಳೆಬ್ಬಿಸಿ, ಗಿಡ ಮುರಿದು, ಆಣೆಕಲ್ಲು ಸುರಿಸಿ, ಅರ್ಧ ತಾಸಿನಲ್ಲಿ ಊರನ್ನು ಹಣ್ಣು ಮಾಡಿ ಹೋಗುತ್ತದೆ. ಅದು ಬರುವುದರೊಳಗೆ ಮನೆಗಳನ್ನು ಹೊರಗಿನಿಂದ ಭದ್ರ ಮಾಡುವುದು ಮಾಮನ ಕೆಲಸ.

ಆ ಕೆಲಸ ನೋಡಿದವರಿಗೆ ಸುಲಭ ಎನಿಸುತ್ತಿತ್ತು. ಮಾಳಿಗೆಯ ಮೇಲೆ ಬೆಳೆದ ಕರಿಕೆ ಹುಲ್ಲನ್ನು ಬೇರು ಸಹಿತ ಕೀಳಬೇಕು. ಇಲಿ ಕೊರೆದ ತೂತುಗಳಿಗೆ ಸುಣ್ಣ ಕಲಸಿದ ಕಲ್ಲುಚೂರು ತುಂಬಬೇಕು. ನೀರು ಹೋಗುವ ದೋಣಿಯ ಬಾಯಿ ಕೆರೆದು, ಹಾಳೂರಿನ ಗುಂಡಿಯಿಂದ ತಂದ ಬಿಳಿ ಮಣ್ಣು ಹರವಿ, ದೋಣಿಯ ಕಡೆಗೆ ಇಳಿಜಾರು ಬರುವ ಹಾಗೆ ಬಡಿಯಬೇಕು. ಮಾಮ ಮಣ್ಣನ್ನು ನಾಲಗೆಗೆ ಹಚ್ಚಿ ನೋಡದೆ ಬುಟ್ಟಿ ತುಂಬುತ್ತಿರಲಿಲ್ಲ. ಉಪ್ಪುಪ್ಪಾಗಿದ್ದರೆ ಅದು ನೀರು ಕುಡಿಯುವುದಿಲ್ಲ ಎನ್ನುತ್ತಿದ್ದ. ಅವನ ಮಾವನ ಮನೆ ತೊರಗಲ್. ಹಬ್ಬಕ್ಕೆ ಅಲ್ಲಿಗೆ ಹೋದಾಗಲೂ ಕೋಟೆಯ ಬುಡದಲ್ಲಿ ಕೂತು ಮಣ್ಣು ನೆಕ್ಕಿ, ಬೀಗರ ಮುಂದೆ ಮಾಮಿಯ ಮರ್ಯಾದೆ ಕಳೆದಿದ್ದ. 'ಹೋಳಗಿ ಬಿಟ್ಟು ಮಣ್ಣ ತಿಂತಾನವ್ವ ನಿನ್ನ ಗಂಡ' ಎಂದು ಅವಳ ಅಣ್ಣಂದಿರು ಕಾಡಿದ್ದರಂತೆ.

ಮಣ್ಣು ಹಾಕುವ ಮೊದಲು ಅವನು ಒಂದು ಕೆಲಸ ಮಾಡುತ್ತಿದ್ದ. ಅದನ್ನು ಬೇರೆ ಯಾರೂ ಮಾಡಿದ್ದನ್ನು ನಾನು ಕಂಡಿಲ್ಲ. ನಡುಮಧ್ಯಾಹ್ನ, ಮಣ್ಣು ಕಾದು ಒಣಗಿ ನಿಂತಾಗ, ಬರಿಗಾಲಿನಲ್ಲಿ ಮಾಳಿಗೆಯ ಈ ತುದಿಯಿಂದ ಆ ತುದಿಗೆ ಹಿಮ್ಮಡಿ ಊರುತ್ತ ನಡೆಯುತ್ತಿದ್ದ. ಎಲ್ಲಿ ತೊಲೆ ಇದೆ, ಎಲ್ಲಿ ಜಂತಿ ಜಾರಿದೆ, ಯಾವ ಕಟ್ಟಿಗೆ ಒಳಗೆ ಟೊಳ್ಳಾಗಿದೆ ಎನ್ನುವುದು ಸಪ್ಪಳದಿಂದ ಅವನಿಗೆ ತಿಳಿಯುತ್ತಿತ್ತು. ತಿಳಿಯಲು ಬೇರೆ ದಾರಿಯೂ ಇರಲಿಲ್ಲ. ನಮ್ಮ ಕೇರಿಯವರು ಆ ಮನೆಗಳ ಹೊಸ್ತಿಲು ದಾಟುವ ಹಾಗಿರಲಿಲ್ಲ. ಏಣಿಯನ್ನು ಹಿತ್ತಲ ಗೋಡೆಗೆ ಹಚ್ಚಿ ಏರುವುದು, ಅದರಲ್ಲೇ ಇಳಿಯುವುದು. ಮೂವತ್ತು ವರ್ಷ ಜನರ ತಲೆಯ ಮೇಲೆ ನಡೆದಾಡಿದವನು ಒಂದು ಮನೆಯನ್ನೂ ಒಳಗಿನಿಂದ ನೋಡಿರಲಿಲ್ಲ.

ಹಾಗಂತ ಅವನು ಗೋಳಾಡುವ ಪೈಕಿ ಅಲ್ಲ. ಮೇಲಿನಿಂದಲೇ ಎಲ್ಲರ ಜಾತಕ ಬರೆಯುತ್ತಿದ್ದ. ಯಾರ ಮಾಳಿಗೆಯಲ್ಲಿ ಶಾವಿಗೆ ಒಣಗಿದೆ, ಯಾರ ಹಪ್ಪಳ ಸೊಟ್ಟಗಿದೆ, ಯಾವ ಮನೆಯ ಒಲೆ ಹೊತ್ತು ಏರಿದರೂ ಹೊತ್ತಿಲ್ಲ, ಎಲ್ಲ ಗೊತ್ತಿತ್ತು. 'ಆ ಮನ್ಯಾಗ ಅತ್ತಿ-ಸೊಸಿ ಮಾತ ಬಿಟ್ಟಾರಲೇ, ಎರಡ ಕಡೆ ಮೆಣಸಿನಕಾಯಿ ಒಣಗ್ಯಾವು' ಎಂದು ಬಂದು ಹೇಳುತ್ತಿದ್ದ. ಒಂದು ನಿಯಮ ಮಾತ್ರ ಮುರಿಯುತ್ತಿರಲಿಲ್ಲ. ಮಾಳಿಗೆಯ ನಡುವೆ ಕೆಳಗೆ ಬೆಳಕು ಬೀಳಲೆಂದು ಬೆಳಕಿಂಡಿ ಇರುತ್ತದಲ್ಲ, ಅದರ ಹತ್ತಿರ ಬರುವ ಮೊದಲು ಕೂಗಿ ಹೇಳುತ್ತಿದ್ದ, ಆಮೇಲೆ ಮುಖ ತಿರುಗಿಸಿಕೊಂಡೇ ದಾಟುತ್ತಿದ್ದ. ಹೆಣ್ಣುಮಕ್ಕಳು ಇರುವ ಮನೆ, ಇಣುಕಿದ ಎನ್ನುವ ಮಾತು ಬಂದರೆ ಮುಗಿಯಿತು.

ಅವನ ದುಡಿಮೆಯಿಂದ ನಾನು ಧಾರವಾಡದಲ್ಲಿ ಮಾಸ್ತರಿಕೆಯ ತರಬೇತಿ ಮುಗಿಸಿದೆ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಬೈಲಹೊಂಗಲದ ಒಂದು ಪ್ರಾಥಮಿಕ ಶಾಲೆಗೆ ಹೋಗಿ ಸೇರಿದೆ. ಚಚಡಿಯ ಆಚೆಗಿನ ನಮ್ಮ ಊರಿನಿಂದ ಕೇರಿಯ ಅರ್ಧ ಜನ ಬಸ್ಸಿನ ತನಕ ಬಂದು ಕಳಿಸಿದರು. ಬೈಲಹೊಂಗಲದಲ್ಲಿ ಬಾಡಿಗೆ ಖೋಲಿ ಹುಡುಕುವಾಗ ಮಾಲೀಕರು ನನ್ನ ಇಸ್ತ್ರಿ ಅಂಗಿ ನೋಡಿ, ಮಾತು ಕೇಳಿ, ತಾವೇ ಏನೋ ಒಂದು ಜಾತಿ ಅಂದುಕೊಂಡರು. ನಾನು ಅಲ್ಲ ಎನ್ನಲಿಲ್ಲ. ಹೆದರಿಕೆ ಎನ್ನಿ, ಆಸೆ ಎನ್ನಿ, ಎರಡೂ ಇತ್ತು.

ಮೊದಲ ಬೇಸಿಗೆಯಲ್ಲಿ ಮಾಮ ಕೆಲಸಕ್ಕೆಂದು ಬೈಲಹೊಂಗಲಕ್ಕೆ ಬಂದ. ನನ್ನ ಖೋಲಿ ಇರುವ ಓಣಿಯಲ್ಲೇ ಅವನಿಗೆ ನಾಲ್ಕು ಮಾಳಿಗೆ ಇದ್ದವು. ನಾನು ಹೇಗೆ ಹೇಳಲಿ ಎಂದು ತಡವರಿಸುವ ಮೊದಲೇ ಅವನೇ ಹೇಳಿದ: 'ಓಣ್ಯಾಗ ನನ್ನ ಕಂಡ್ರ ಮಾತಾಡಸಬ್ಯಾಡ. ನಾನೂ ಮಾತಾಡಸಂಗಿಲ್ಲ. ಕೆಲಸ ಇದ್ರ ಮಣ್ಣಿನ ಗುಂಡಿ ಕಡೆ ಬಾ.' ನನಗೆ ಹಾಯೆನಿಸಿತು. ಅವತ್ತು ಹಾಯೆನಿಸಿದ್ದನ್ನು ನೆನೆದರೆ ಇವತ್ತು ಹೇಸಿಗೆಯಾಗುತ್ತದೆ.

ಆ ನಾಲ್ಕರಲ್ಲಿ ಒಂದು ವಕೀಲರ ಮನೆ. ಮುದುಕರು, ವಕೀಲಿ ಬಿಟ್ಟು ಬಹಳ ದಿನವಾಗಿತ್ತು, ಕಣ್ಣು ಮಂಜಾಗಿದ್ದವು. ನನ್ನ ಓದುವ ದನಿ ಅವರಿಗೆ ಹಿಡಿಸಿತ್ತು. ದಿನಾ ಸಂಜೆ ಹೋಗಿ ಪಡಸಾಲೆಯಲ್ಲಿ ಕೂತು ಪೇಪರು ಓದಿ ಹೇಳುತ್ತಿದ್ದೆ. ಮಗ ಬೆಳಗಾವಿಯಲ್ಲಿ ನೌಕರಿಯಲ್ಲಿದ್ದ. ಮನೆಯಲ್ಲಿ ಮಾವ, ಅತ್ತೆ, ಸೊಸೆ ಮೂವರೇ. ಸೊಸೆಗೆ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬೇಕು. ರಾಮದುರ್ಗದ ಕಡೆಯವಳು. ನನಗೆ ಚಹಾ ತಂದಿಟ್ಟು ಬಾಗಿಲ ಮರೆಯಲ್ಲಿ ನಿಂತು ಸಿನಿಮಾ ಜಾಹೀರಾತನ್ನೂ ಓದಿಸುತ್ತಿದ್ದಳು. ಮುದುಕರು ಹುಸಿಕೋಪ ಮಾಡಿದರೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಮಾಮನಿಗೂ ಅವಳು ಗೊತ್ತಿದ್ದಳು, ಆದರೆ ದನಿ ಮಾತ್ರ. ಬಿಸಿಲಲ್ಲಿ ದುಡಿಯುವಾಗ ಅವಳೇ ಬೆಳಕಿಂಡಿಯ ಕೆಳಗೆ ಬಂದು, 'ಕಾಕಾ, ಹಗ್ಗಾ ಬಿಡು' ಎನ್ನುತ್ತಿದ್ದಳಂತೆ. ಮಾಮ ತನ್ನ ತಂಬಿಗೆಯನ್ನು ಹಗ್ಗಕ್ಕೆ ಕಟ್ಟಿ, ಮುಖ ಆಚೆ ಮಾಡಿ ಕೆಳಗೆ ಬಿಡುತ್ತಿದ್ದ. ಅವಳು ತಂಬಿಗೆ ಮುಟ್ಟದೆ ಎತ್ತಿ ನೀರು ಸುರಿಯುತ್ತಿದ್ದಳು. ಹಗ್ಗ ಎಳೆದುಕೊಂಡರೆ ಒಮ್ಮೊಮ್ಮೆ ಹಗ್ಗದ ಗಂಟಿನಲ್ಲಿ ಬೆಲ್ಲದ ಚೂರು ಸಿಕ್ಕಿಸಿರುತ್ತಿತ್ತು. ಬೇರೆ ಯಾವ ಮನೆಯಲ್ಲೂ ಅವನನ್ನು ಯಾರೂ ಕಾಕಾ ಎಂದಿರಲಿಲ್ಲ. ಒಮ್ಮೆ ಗುಂಡಿಯ ಹತ್ತಿರ ನನ್ನನ್ನು ಕೇಳಿದ, 'ಆ ಹುಡುಗಿ ನೋಡಾಕ ಹ್ಯಾಂಗ ಅದಾಳೋ?' ಎಡಗಣ್ಣು ಸ್ವಲ್ಪ ಸಣ್ಣದು, ನಕ್ಕರೆ ಪೂರಾ ಮುಚ್ಚಿಹೋಗುತ್ತದೆ ಎಂದೆ. ಅವನು ತಲೆದೂಗಿ, 'ದನಿ ಕೇಳಿದ್ರ ಹಂಗ ಅನಸ್ತೈತಿ' ಎಂದ.

ಎರಡನೆಯ ಬೇಸಿಗೆ ಬಂತು. ಹಿಂದಿನ ಮಳೆಗಾಲದಲ್ಲಿ ವಕೀಲರ ಮಾಳಿಗೆ ಮೂರು ಕಡೆ ಸೋರಿತ್ತು. ಈ ಸಲ ದಪ್ಪ ಮಣ್ಣು ಹಾಕು ಎಂದು ವಕೀಲರು ಹೇಳಿದ್ದರು. ಮಾಮ ಹಿಮ್ಮಡಿ ಊರಿ ನಡೆದು ನೋಡಿದ. ನಡುಮನೆಯ ಮೇಲೆ ಬಂದಾಗ ನಿಂತ, ಹಿಂದೆ ಹೋದ, ಮತ್ತೆ ಬಂದ. ತೊಲೆಯ ಸಪ್ಪಳ ಅವನಿಗೆ ಸರಿಬರಲಿಲ್ಲ. ಇಳಿದು ಹಿತ್ತಲ ಬಾಗಿಲಲ್ಲಿ ನಿಂತು ಹೇಳಿದ. ತೊಲೆ ಕೆಟ್ಟಿರಬಹುದು, ಹಳೆಯ ಮಣ್ಣು ಗೇಣಿನಷ್ಟು ಇಳಿಸಿ ಆಮೇಲೆ ತೆಳ್ಳಗೆ ಹೊಸದು ಹಾಕೋಣ ಎಂದ. ವಕೀಲರು ಒಪ್ಪಲಿಲ್ಲ. ಮನೆ ಕೆಡವುವಾಗ ಮಾತ್ರ ಮಾಳಿಗೆಯ ಮಣ್ಣು ಕೆಳಗೆ ಬರಬೇಕು, ಜನ ಬಾಳುವ ಮನೆಯಿಂದ ಇಳಿಸಬಾರದು ಎನ್ನುವುದು ಆ ಮನೆತನದ ನಂಬಿಕೆ. ವರ್ಷವರ್ಷ ಹಾಕಿದ್ದೇ ಹೊರತು ಅಜ್ಜನ ಕಾಲದಿಂದ ಒಂದು ಬುಟ್ಟಿ ತೆಗೆದಿರಲಿಲ್ಲ. 'ಬಡಿಗ್ಯಾ ಊರಾಗಿಲ್ಲ. ಬಂದಮ್ಯಾಲ ತೊಲಿ ನೋಡಸ್ತೇನಿ. ನೀ ನಿಂದ್ ಕೆಲಸ ಮುಗಸು' ಎಂದರು.

ಮಾಮ ನನಗೆ ಹೇಳಿಕಳಿಸಿದ. ಗುಂಡಿಯ ಹತ್ತಿರ ಹೋದೆ.

'ನೀ ಆ ಮನಿಗೆ ಹೋಗಾವ ಅದಿ. ನಡುಮನ್ಯಾಗ ಹೋಗಿ ಒಂದ್ ಸಲ ಮ್ಯಾಲೆ ನೋಡಿ ಬಾ' ಎಂದ. 'ಒರಲಿ ಹುಳ ಹತ್ತಿದ್ರ ತೊಲಿಗುಂಟ ಮಣ್ಣಿನ ಗೆರಿ ಎದ್ದಿರತಾವು. ಕಂಡ್ರ ಸಾಹೇಬರಿಗೆ ನೀನ ಹೇಳು. ನೀ ಹೇಳಿದ್ರ ಹಳೆ ಮಣ್ಣ ಇಳಸಾಕ ಒಪ್ಪತಾರ. ನನ್ನ ಮಾತ್ ಯಾರ ಕೇಳತಾರ?'

'ಗೆರಿ ಇಲ್ಲದಿದ್ರ?'

'ಇಲ್ಲದಿದ್ರ ದಪ್ಪಗ ಹಾಕತೇನಿ. ನೀ ನೋಡಿ ಬಾ, ಸಾಕು.'

ಆ ಸಂಜೆ ಹೋದೆ. ಪೇಪರಿನ ಮೊದಲ ಪುಟ ಓದುವಷ್ಟರಲ್ಲಿ ವಕೀಲರು ಬೀಸಣಿಗೆ ಕೆಳಗಿಟ್ಟರು. 'ಮಾಸ್ತರ, ಇಲ್ಲಿ ಭಾಳ ಸೆಕಿ ಅದರಿ. ನಡುಮನಿಯೊಳಗ ತಂಪದ. ನಡೀರಿ, ಅಲ್ಲೇ ಕೂತು ಓದೋಣ' ಎಂದರು.

ಅವರೇ ಕರೆದರು. ನಾನು ಬಾಯಿ ತೆರೆದು ಕೇಳುವ ಕಷ್ಟವೂ ಇರಲಿಲ್ಲ. ಎದ್ದು ನಾಲ್ಕು ಹೆಜ್ಜೆ ಹೋಗಿದ್ದರೆ ಸಾಕಿತ್ತು. ಆದರೆ ನಡುಮನೆಯ ಪಕ್ಕದಲ್ಲೇ ದೇವರ ಕೋಣೆ. ನಾಳೆ ನಾನು ಯಾರೆಂದು ತಿಳಿದರೆ, ಪಡಸಾಲೆಯ ತನಕ ಬಂದದ್ದನ್ನಾದರೂ ನುಂಗಿಕೊಂಡಾರು, ದೇವರ ಕೋಣೆಯ ತನಕ ಬಂದದ್ದನ್ನು ನುಂಗಿಕೊಂಡಾರೆಯೇ ಎಂದು ಹೆದರಿದೆ. ಮೇಲೆ ನೋಡಿದರೆ ಯಾಕೆ ನೋಡಿದಿರಿ ಎನ್ನುತ್ತಾರೆ, ಮಾಳಿಗೆಯವನ ಮಾತು ನಿಮಗೆ ಹೇಗೆ ಗೊತ್ತು ಎನ್ನುತ್ತಾರೆ. 'ಬ್ಯಾಡರಿ, ಇಲ್ಲೇ ಬೆಳಕು ಚೊಲೋ ಅದ' ಎಂದೆ. ಕೂತಲ್ಲಿಂದ ನಡುಮನೆಯ ತೊಲೆಯ ಒಂದು ತುದಿ ಕಾಣುತ್ತಿತ್ತು. ಕಪ್ಪಗೆ, ದಪ್ಪಗೆ ಇತ್ತು. ಇಷ್ಟು ದಪ್ಪ ತೊಲೆಗೆ ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸೊಸೆ ಚಹಾ ತಂದಳು. ಕುಡಿದು ಬಂದೆ.

ಮರುದಿನ ಬೆಳಿಗ್ಗೆ ಮಾಮ ಗುಂಡಿಯಲ್ಲಿ ಸೊಂಟದ ತನಕ ಇಳಿದು ಮಣ್ಣು ಅಗೆಯುತ್ತಿದ್ದ.

'ನೋಡಿದಿ?'

'ನೋಡಿದೆ.'

'ಒಳಗ ಹೋಗಿದ್ದಿ?'

'ಹೋಗಿದ್ದೆ ಮಾಮಾ. ಗೆರಿ ಗಿರಿ ಏನಿಲ್ಲ. ತೊಲಿ ಗಟ್ಟಿ ಐತಿ.'

ಅವನು ಸಲಿಕೆಯ ಮೇಲೆ ಕೈ ಊರಿ ನನ್ನನ್ನೇ ನೋಡಿದ. ನಾನು ಗಡಿಯಾರ ನೋಡಿಕೊಂಡೆ. 'ಆತು' ಎಂದು ಮತ್ತೆ ಅಗೆಯತೊಡಗಿದ.

ಮೂರು ದಿನ ಮಣ್ಣು ಹೊತ್ತ. ಗೇಣು ದಪ್ಪ ಹೊಸ ಮಣ್ಣು ಹರವಿ, ನೀರು ಚಿಮುಕಿಸಿ, ಕೊಡತಿಯಿಂದ ಬಡಿದು, ಸಗಣಿ ಸಾರಿಸಿ, ಬೆಳಕಿಂಡಿಗೆ ಫರಸಿಕಲ್ಲು ಮುಚ್ಚಿದ. ಹಿತ್ತಲ ತಗಡಿಗೆ ತಂತಿ ಬಿಗಿದು ಕಲ್ಲು ಹೇರಿದ. ಓಣಿಯವರೆಲ್ಲ ಕೆಲಸ ಚಂದಾಗಿದೆ ಎಂದರು. ವಕೀಲರು ಕಣ್ಣು ಕಾಣದ್ದಕ್ಕೆ ನನ್ನನ್ನು ಕೇಳಿದರು, ನಾನೂ ಚಂದಾಗಿದೆ ಎಂದೆ.

ಎಂಟು ದಿನಕ್ಕೆ ಅಡ್ಡಮಳೆ ಬಂತು. ಶಾಲೆಗೆ ರಜೆ ಬಿಟ್ಟಿತ್ತು, ನಾನು ಖೋಲಿಯಲ್ಲಿ ಏನೋ ಓದುತ್ತಿದ್ದೆ. ನಾಲ್ಕು ಗಂಟೆಯ ಹೊತ್ತಿಗೆ ಕತ್ತಲಾಯಿತು. ಗಾಳಿಗೆ ಎದುರಿನ ಬೇವಿನ ಮರದ ದೊಡ್ಡ ಟೊಂಗೆ ಮುರಿದು ಬಿತ್ತು. ಆಮೇಲೆ ಆಣೆಕಲ್ಲು, ನಿಂಬೆಹಣ್ಣಿನಷ್ಟು ಗಾತ್ರದವು. ಅವು ಮಾಳಿಗೆಗಳ ದೋಣಿಗಳಲ್ಲಿ ಕೂತು ಬಾಯಿ ಮುಚ್ಚಿದವು. ಮಳೆಯ ನೀರು ಹೋಗಲು ದಾರಿಯಿಲ್ಲದೆ ಮಾಳಿಗೆಯ ಅಂಚಿನ ಕುಂಬಿಯ ಒಳಗೇ ನಿಂತಿತು. ಗಾಳಿಯ ಸದ್ದಿನಲ್ಲಿ ಮನೆ ಬಿದ್ದ ಸದ್ದು ನನಗೆ ಕೇಳಿಸಲೇ ಇಲ್ಲ. ಜನ ಕೂಗುತ್ತ ಓಡಿದ್ದನ್ನು ನೋಡಿ ಹೊರಬಿದ್ದೆ.

ವಕೀಲರ ನಡುಮನೆ ಕುಸಿದಿತ್ತು. ಮುದುಕರಿಬ್ಬರೂ ಪಡಸಾಲೆಯಲ್ಲಿದ್ದು ಉಳಿದಿದ್ದರು. ಸೊಸೆ ಒಳಗಿದ್ದಳು. ಎಲ್ಲೋ ಮೂರನೆಯ ಓಣಿಯಲ್ಲಿ ಕೆಲಸ ಮಾಡುತ್ತಿದ್ದ ಮಾಮ ಆಣೆಕಲ್ಲಿನ ಏಟು ತಿನ್ನುತ್ತಲೇ ಓಡಿ ಬಂದಿದ್ದ, ಹಣೆಯಿಂದ ರಕ್ತ ಇಳಿಯುತ್ತಿತ್ತು. ಬಾಗಿಲಲ್ಲಿ ಒಂದು ಗಳಿಗೆ ನಿಂತ. ಯಾರೂ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಸಲಿಕೆ ಹಿಡಿದು ಹೊಸ್ತಿಲು ದಾಟಿದ. ಎಲ್ಲರೂ ಒದ್ದಾಡುತ್ತ ಮಣ್ಣು ಕೆದರುತ್ತಿದ್ದರು. ಎಲ್ಲಿಂದ ತೆಗೆದರೆ ಉಳಿದದ್ದು ಜಾರುವುದಿಲ್ಲ ಎಂದು ಗೊತ್ತಿದ್ದವನು ಅವನೊಬ್ಬನೇ. ನಾನು ಅವನ ಪಕ್ಕದಲ್ಲೇ ಬುಟ್ಟಿ ಎತ್ತಿದೆ. ಆಗಲೂ ಇಬ್ಬರೂ ಗುರುತು ತೋರಿಸಲಿಲ್ಲ.

ಅವಳು ಸಿಕ್ಕಾಗ ಉಸಿರು ಇರಲಿಲ್ಲ. ಮಾಮ ತನ್ನ ತಲೆಯ ರುಮಾಲು ಬಿಚ್ಚಿ ಅವಳ ಮುಖದ ಮಣ್ಣು ಒರೆಸಿದ. ಆ ಮುಖವನ್ನು ಅವನು ನೋಡಿದ್ದು ಅದೇ ಮೊದಲು. ಪಕ್ಕದಲ್ಲಿ ಮುರಿದ ತೊಲೆ ಬಿದ್ದಿತ್ತು. ಕೂತಲ್ಲಿಂದ ನನಗೆ ಕಂಡಿದ್ದ ತುದಿಯೊಂದೇ ಗಟ್ಟಿ, ನಡುವೆಲ್ಲ ಗೆದ್ದಲು ತಿಂದು ಪುಡಿಯಾಗಿತ್ತು. ಹೊರಮೈ ತುಂಬ ಮಣ್ಣಿನ ಗೆರೆಗಳು, ಕುರುಡರೂ ಕೈಯಾಡಿಸಿ ಹೇಳಬಹುದಾದಷ್ಟು. ಮಾಮ ಒಂದು ಚೂರು ತೆಗೆದು ಬೆರಳಲ್ಲಿ ಹಿಸುಕಿದ. ಹೊಟ್ಟು ಉದುರಿತು. ಆಗ ಒಮ್ಮೆ ನನ್ನ ಕಡೆ ನೋಡಿದ.

ವಕೀಲರನ್ನು ಯಾರೋ ಹಿಡಿದುಕೊಂಡು ಬಂದರು. ಅವರು ಬೈಯಲಿಲ್ಲ, ಕಿರುಚಲಿಲ್ಲ. 'ನಿನ್ನ ಮಣ್ಣು ನನ್ನ ಸೊಸಿನ್ನ ನುಂಗ್ತಲ್ಲೋ' ಎಂದರು ಅಷ್ಟೆ. ಸುತ್ತ ಇದ್ದವರು ಗೊಣಗತೊಡಗಿದರು. ಇಷ್ಟು ಮಣ್ಣು ಯಾರು ಹೇರುತ್ತಾರೆ, ಕೂಲಿಯಾಸೆಗೆ ಹೇರಿದ ಎಂದರು. ತೊಲೆ ಕೆಟ್ಟಿದೆ ಎಂದು ನಾನು ಮೊದಲೇ ಹೇಳಿದ್ದೆ ಎಂದು ಮಾಮ ಹೇಳಬಹುದಿತ್ತು. ನಿಮ್ಮ ಮಾಸ್ತರು ನನ್ನ ಅಕ್ಕನ ಮಗ, ಅವನೇ ಒಳಗೆ ನೋಡಿ ಗಟ್ಟಿ ಇದೆ ಎಂದ ಎನ್ನಬಹುದಿತ್ತು. ನಾನು ಕಾದೆ. ಹೇಳದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ, ಹೆಣ ಎದುರಿಗಿತ್ತು.

'ತಪ್ಪಾತರಿ ಸಾಹೇಬ್ರ. ಭಾರ ಭಾಳ ಹಾಕಿದೆ' ಎಂದ ಮಾಮ. ಕೈ ಮುಗಿದು, ಸಲಿಕೆಯನ್ನು ಅಲ್ಲೇ ಬಿಟ್ಟು ಹೊರಗೆ ಹೋದ.

ಆಮೇಲೆ ಅವನನ್ನು ಯಾರೂ ಮಾಳಿಗೆಗೆ ಕರೆಯಲಿಲ್ಲ. ಸುದ್ದಿ ಸವದತ್ತಿಗೂ ಹೋಯಿತು, ರಾಮದುರ್ಗಕ್ಕೂ ಹೋಯಿತು. ರಸ್ತೆಗೆ ಜಲ್ಲಿ ಒಡೆಯುವ ಕೂಲಿಗೆ ಹೋಗತೊಡಗಿದ. ತನ್ನ ಸ್ವಂತ ಮನೆಯ ಮಾಳಿಗೆಯನ್ನೂ ಮತ್ತೆ ಏರಲಿಲ್ಲ. ಕರಿಕೆ ಮೊಳಕಾಲುದ್ದ ಬೆಳೆಯಿತು, ಮಳೆ ಬಂದರೆ ಮಾಮಿ ಪಾತ್ರೆ ಇಡುತ್ತ ತಿರುಗುತ್ತಿದ್ದಳು. ತಗಡು ಹೊದಿಸೋಣ ಎಂದರೆ 'ನಿನ್ನ ಸಂಸಾರ ನೋಡಕೋ' ಎನ್ನುತ್ತಿದ್ದ. ಮೊದಲಿನ ಹರಟೆ ನಿಂತುಹೋಯಿತು. ನಾನು? ನಾನು ಇನ್ನೂ ಎರಡು ವರ್ಷ, ವರ್ಗವಾಗುವ ತನಕ, ಅದೇ ವಕೀಲರ ಪಡಸಾಲೆಯಲ್ಲಿ ಕೂತು ಪೇಪರು ಓದಿದೆ. ಚಹಾವನ್ನು ಈಗ ಮುದುಕಿಯೇ ತರುತ್ತಿದ್ದರು. ಬಿಟ್ಟರೆ ಯಾಕೆ ಬಿಟ್ಟಿರಿ ಎಂದು ಕೇಳುತ್ತಾರೆಂದು ಬಿಡಲಿಲ್ಲ. ನನ್ನಂಥ ಮನುಷ್ಯರೂ ಇರುತ್ತಾರೆ.

ಮನೆ ಬಿದ್ದ ಐದನೆಯ ವರ್ಷದ ಬೇಸಿಗೆಯಲ್ಲಿ ಮಾಮ ಹಾಸಿಗೆ ಹಿಡಿದ. ಜಲ್ಲಿಯ ಧೂಳು ಎದೆ ಸೇರಿತ್ತು. ನೋಡಲು ಹೋದಾಗ ಮಾಮಿ ನೀರಿಗೆ ಹೋಗಿದ್ದಳು, ಹೊರಗೆ ಗಾಳಿ ಏಳುತ್ತಿತ್ತು. ಇಷ್ಟು ವರ್ಷ ಅವನೊಬ್ಬನೇ ಆ ಸಾವನ್ನು ಹೊತ್ತಿದ್ದಾನೆ, ಹೋಗುವ ಮೊದಲಾದರೂ ಇಳಿಸಬೇಕು ಎಂದು ನಿರ್ಧಾರ ಮಾಡಿಕೊಂಡೇ ಹೋಗಿದ್ದೆ.

'ಮಾಮಾ, ಅವತ್ತ ನಾ ನಡುಮನ್ಯಾಗ ಹೋಗಿದ್ದಿಲ್ಲ. ತೊಲಿ ನೋಡಿದ್ದಿಲ್ಲ. ಸುಳ್ಳ ಹೇಳಿದೆ.'

ಅವನು ಮೇಲೆ ನೋಡುತ್ತಲೇ ಇದ್ದ. 'ಗೊತ್ತೈತಿ' ಎಂದ.

'ತೊಲಿ ಬಿದ್ದಮ್ಯಾಲೆ ಗೊತ್ತಾತೇನು?'

'ನೀ ಗುಂಡಿ ಮ್ಯಾಲೆ ನಿಂತ ಹೇಳಾಕ ಹತ್ತಿದಾಗನ ಗೊತ್ತಾತು. ಸಣ್ಣಾವ ಇದ್ದಾಗಿಂದ ನಿನ್ನ ಮಾರಿ ನೋಡೇನಿ.'

'ಮತ್ಯಾಕ ಹಾಕಿದಿ ಮಾಮಾ?'

ಕೆಮ್ಮು ಬಂತು. ನೀರು ಕುಡಿಸಿದೆ. ಆಮೇಲೆ ಹೇಳಿದ. 'ನಮ್ಮ ಕೇರ್ಯಾಗ ಕಲತಾವ ನೀ ಒಬ್ಬ. ನೀ ನೋಡೇನಿ ಅಂದಮ್ಯಾಲೆ, ಇಲ್ಲ ನೀ ನೋಡಿಲ್ಲ, ಸುಳ್ಳ ಹೇಳತಿ ಅಂತ ನಾ ಹ್ಯಾಂಗ ಅನ್ನಲಿ? ಇನ್ನೊಂದ ವರ್ಷ ತಡೀತೈತಿ ಅಂದಕೊಂಡೆ. ಕಾಲಿಗೆ ಗೊತ್ತಿತ್ತು, ಖರೆ. ಆ ಹುಡುಗಿ ಕೆಳಗ ಇರತಾಳ ಅಂತನೂ ಗೊತ್ತಿತ್ತು. ಆಕಿನ್ನ ಬಿಟ್ಟು ನಿನ್ನ ಮಾತ್ ಹಿಡದೆ.'

ಅವನು ನನ್ನ ಸುಳ್ಳಿಗೆ ಬಲಿಯಾದವನು ಎಂದು ಐದು ವರ್ಷ ಅಳುತ್ತಿದ್ದೆ. ಅವನಾದರೂ ನಿರಪರಾಧಿ ಎನ್ನುವ ಒಂದು ಸಮಾಧಾನ ಇತ್ತು, ಅದೂ ಹೋಯಿತು. ನನ್ನ ಹೆದರಿಕೆ, ಅವನ ಹೆಮ್ಮೆ, ಎರಡೂ ಸೇರಿ ಹಗ್ಗಕ್ಕೆ ಬೆಲ್ಲ ಸಿಕ್ಕಿಸುತ್ತಿದ್ದ ಹುಡುಗಿಯನ್ನು ಕೊಂದಿದ್ದವು. ಅವನು ಗೋಡೆಯ ಕಡೆ ಹೊರಳಿದ. ಮತ್ತೆ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ.

ಹದಿನೈದು ದಿನಕ್ಕೆ ತೀರಿಕೊಂಡ. ನಮ್ಮಲ್ಲಿ ಹೂಳುತ್ತಾರೆ. ಗುಂಡಿಯಲ್ಲಿ ಮಲಗಿಸಿದ ಮೇಲೆ ಹತ್ತಿರದವರು ಮೊದಲು ಮೂರು ಹಿಡಿ ಮಣ್ಣು ಹಾಕಬೇಕು. ಅವನಿಗೆ ಮಕ್ಕಳಿರಲಿಲ್ಲ, ಎಲ್ಲರೂ ನನ್ನ ದಾರಿ ನೋಡುತ್ತ ನಿಂತರು. ಮುಷ್ಟಿಯಲ್ಲಿ ಮಣ್ಣು ಹಿಡಿದು ನಾನು ಅಲುಗದೆ ನಿಂತೆ. ದುಃಖಕ್ಕೆ ಕೈ ಬರುತ್ತಿಲ್ಲ ಎಂದುಕೊಂಡರು. ಮಾಮಿ ಹತ್ತಿರ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟಳು.

'ಹಾಕಪಾ' ಎಂದಳು. 'ನಿನ್ನ ಮಾತ್ ಅಂದ್ರ ಅವಗ ದೇವರ ಮಾತ್ ಇದ್ದಂಗ ಇತ್ತು.'

ನಾನು ಹಾಕಿದೆ.